ಅಂಗಡಿ ಕಂಪ್ಯೂಟರಿನ ಏಳು ನಿಮಿಷ

ಬಾಗಿಲು ತೆರೆದವಳೇ ಸಿದ್ದಮ್ಮ ಲಟ್ಟಣಿಗೆ ಬೀಸಿದಳು.

ಗುರಿ ಇದ್ದದ್ದು ಹೆಲ್ಮೆಟ್ಟಿನ ಮೇಲೆ. ಬಂದವನು ಬಲಗೈ ಅಡ್ಡ ತಂದ. ಎರಡು ಬೆರಳು ಸಿಕ್ಕಿಕೊಂಡವು. ಲಟಕ್ಕೆಂದು ಏನೋ ಸದ್ದಾಯಿತು. ಅವನು ಹೊಸ್ತಿಲ ಮೇಲೆ ಕುಕ್ಕರಿಸಿ, ಎಡಗೈಯಿಂದ ಹೆಲ್ಮೆಟ್ ಕಿತ್ತು ತೆಗೆದ. ಒಳಗಿದ್ದದ್ದು ಅವಳು ಅಂದುಕೊಂಡಿದ್ದ ಮುಖವಲ್ಲ.

"ಕಂಪ್ಯೂಟರ್ ರಿಪೇರಿ ಅಂತ ಫೋನ್ ಮಾಡಿದ್ದು ಈ ಮನಿಯಿಂದ್ಲೇ ಅಲ್ರಿ?" ಅವನ ಕಣ್ಣಲ್ಲಿ ನೀರು ಬಂದಿತ್ತು. "ಇಲ್ಲಾ, ರಿಪೇರಿ ಮಾಡೋರನ್ನ ಹೊಡಿಯಾಕ ಕರಸ್ತೀರೋ?"

"ನನ್ನ ಗಂಡ ಅಂದ್ಕಂಡೆ."

ಅವನು ಅವಳ ಮುಖ ನೋಡಿದ. ತಮಾಷೆಯ ಮಾತು ನಾಲಿಗೆಯವರೆಗೆ ಬಂದಿದ್ದನ್ನು ನುಂಗಿಕೊಂಡ. ಅವಳು ತಮಾಷೆ ಮಾಡಿರಲಿಲ್ಲ.

ಬೆಳಿಗ್ಗೆ ಹರಪನಹಳ್ಳಿಯಿಂದ ಗಂಡ ಪ್ರವೀಣಕುಮಾರನ ಫೋನ್ ಬಂದಿತ್ತು. ಭಾನುವಾರದ ಪಂಚಾಯ್ತಿಯಲ್ಲಿ ಹಿರಿಯರ ಮುಂದೆ ಬಾಯಿ ಬಿಟ್ಟರೆ ಇನ್ನೊಂದು ತೋಳನ್ನೂ ಮುರಿಯುತ್ತೇನೆ, ಬೇಕಾದರೆ ಇವತ್ತೇ ಬರುತ್ತೇನೆ ಎಂದಿದ್ದ. ಅವನು ಹೇಳಿದ್ದನ್ನು ಮಾಡುವ ಮನುಷ್ಯ. ಅದಕ್ಕೇ ಲಟ್ಟಣಿಗೆ ಬಾಗಿಲ ಮೂಲೆಗೆ ಬಂದು ನಿಂತಿತ್ತು.

ತಾಯಿ ಪಂಪಮ್ಮ ಅರಿಷಿಣ ಸುಣ್ಣ ಕಲಸಿ ತಂದು ಬೆರಳಿಗೆ ಮೆತ್ತಿದಳು. "ಏನೂ ತಿಳ್ಕಬ್ಯಾಡಪ್ಪ. ಎಂ.ಎ. ಓದ್ಯಾಳ, ಬುದ್ಧಿ ಮಾತ್ರ ಹಿಂಗೈತಿ. ನಿನ್ನ ಹೆಸರೇನು?"

"ಅಂಜಿನೇಯಲು ಅಂತ್ರಿ ಯವ್ವ. ಕೂಡ್ಲಿಗಿ ಕಡೆಯಾವ. ಇಲ್ಲೇ ಕೊಟ್ಟೂರಾಗ ಬಸ್‌ಸ್ಟ್ಯಾಂಡ್ ಹಿಂದ ಅಂಗಡಿ ಐತಿ." ಆಮೇಲೆ ಸಿದ್ದಮ್ಮನ ಕಡೆ ತಿರುಗಿದ. "ಇವತ್ತ ಮೌಸ್ ನೀವ ಹಿಡೀಬೇಕು ನೋಡ್ರಿ. ನನ್ನ ಕೈ ನೀವ ಕೆಡಿಸೀರಿ."

---

ಕಂಪ್ಯೂಟರು ಅವಳದೇ. ಓದುವಾಗ ಸೆಕೆಂಡ್ ಹ್ಯಾಂಡ್ ಕೊಂಡದ್ದು, ಆಗಲೇ ಹಳೆಯದು. ಮದುವೆಯಾದ ಮೇಲೆ ಅದನ್ನು ಗಂಡ ತನ್ನ ಮೆಕ್ಕೆಜೋಳದ ಅಂಗಡಿಗೆ ಒಯ್ದು, ಒಂದು ಕಾರ್ಡ್ ಸಿಕ್ಕಿಸಿ, ಕ್ಯಾಮೆರಾ ಜೋಡಿಸಿದ್ದ. ಒಂದೂವರೆ ವರ್ಷದ ಹಿಂದೆ ಅವಳು ಆ ಮನೆ ಬಿಟ್ಟ ದಿನ ಕೈಯಲ್ಲಿ ಬಟ್ಟೆಯ ಚೀಲ ಇರಲಿಲ್ಲ. ಕಂಪ್ಯೂಟರಿನ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಒಂದೇ ಕೈಯಲ್ಲಿ ತಬ್ಬಿಕೊಂಡು, ಕೊಟ್ಟೂರು ಬಸ್ಸಿನಲ್ಲಿ ಕೂತಿದ್ದಳು.

ಅಂಜಿನೇಯಲು ಅವಳ ಪಕ್ಕ ಇನ್ನೊಂದು ಕುರ್ಚಿ ಎಳೆದುಕೊಂಡ. "ಏನಾಗ್ತೈತಿ ಇದಕ್ಕ?"

"ಒಂದು ವಿಡಿಯೋ ಹಚ್ಚಿದ್ರ ನಿಂತುಬಿಡ್ತೈತಿ."

"ಯಾವ ಪಿಚ್ಚರ್ ರೀ?"

"ಅಂಗಡಿ ಕ್ಯಾಮೆರಾದ್ದು. ಏಳು ನಿಮಿಷ."

"ಹಾಡು ಅದಾವೇನು?"

"ಮಾತೂ ಇಲ್ಲ."

"ಬ್ಯಾರೆ ಕಂಪ್ಯೂಟರ್‌ನಾಗ ಹಾಕಿ ನೋಡಿದ್ರಾ?"

"ಈ ಕಾರ್ಡ್ ಇಲ್ದ ಅದು ತೆರಿಯಂಗಿಲ್ಲ."

ಅವನು ಹೇಳಿದಲ್ಲೆಲ್ಲ ಅವಳು ಕ್ಲಿಕ್ ಮಾಡಿದಳು. ‘ಮೈ ಕಂಪ್ಯೂಟರ್’ ಮೇಲೆ ರೈಟ್ ಕ್ಲಿಕ್. ‘ಪ್ರಾಪರ್ಟೀಸ್’. ಅದರಲ್ಲಿ ‘ಅಡ್ವಾನ್ಸ್ಡ್’. ಅದರೊಳಗೆ ಇನ್ನೊಂದು ಕಿಟಕಿ, ಅದರೊಳಗೆ ಮತ್ತೊಂದು. ಕೊನೆಗೆ ‘ವರ್ಚುಯಲ್ ಮೆಮೊರಿ’ ಎಂಬ ಹೆಸರು ಬಂತು. ಅವನು ಲೊಚಗುಟ್ಟಿದ.

"ನೋಡ್ರಿ, ಯಾರೋ ಪುಣ್ಯಾತ್ಮ ಪೇಜಿಂಗ್ ಫೈಲ್ ತಗದೇ ಬಿಟ್ಟಾನ."

"ಜಾಗ ತಿಂತೈತಿ, ಕ್ಯಾಮೆರಾಕ್ಕ ಜಾಗ ಸಾಲವಲ್ದು ಅಂತ ತಗದ್ರು."

"ಅಲ್ರಿ, ಮೊದಲ ಇದರ ರ‍್ಯಾಮ್ ಐನೂರಾ ಹನ್ನೆರಡು. ಈ ನಮೂನಿ ರ‍್ಯಾಮ್ ಈಗ ಹೊಸಪೇಟ್ಯಾಗೂ ಸಿಗವಲ್ದು." ಅವನು ಅಡುಗೆಮನೆಯ ಕಡೆ ಕೈ ತೋರಿಸಿದ. "ರ‍್ಯಾಮ್ ಅಂದ್ರ ನಿಮ್ಮ ಅಡಿಗಿ ಕಟ್ಟಿ ಅನ್ಕೊಳ್ರಿ, ಸಣ್ಣದು. ಮಂದಿ ಜಾಸ್ತಿ ಬಂದ್ರು. ಪಾತ್ರಿ ಎಲ್ಲಿಡ್ತೀರಿ? ಪಡಸಾಲ್ಯಾಗ ಒಂದು ಚಾಪಿ ಹಾಸಿ, ಈಗ ಬೇಡದ್ದನ್ನ ಅಲ್ಲಿಟ್ಟು, ಬೇಕಾದಾಗ ತಂದ್ಕಂತೀರಿ. ಆ ಚಾಪಿನೇ ಈ ಪೇಜಿಂಗ್ ಫೈಲು. ನಿಮ್ಮೋರು ಚಾಪಿ ಸುತ್ತಿ ಒಗದಾರ. ಪಾಪ ಕಂಪ್ಯೂಟರು ಏನು ಮಾಡ್ಬೇಕು? ಕೈಯಾಗ ಹಿಡ್ಕಂಡು ನಿಂತಂಗ ನಿಂತೈತಿ."

ಸಿದ್ದಮ್ಮ ಡಬ್ಬಿಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. ಆ ಡಬ್ಬಿಯ ಬಗ್ಗೆ ಪಾಪ ಎಂದವನು ಇವನೊಬ್ಬನೇ.

"ಸಿ ಡ್ರೈವ್ ತುಂಬೈತಿ, ಡಿ ಡ್ರೈವ್ ಆರಿಸ್ರಿ. ಹಾಂ. ಕಸ್ಟಮ್ ಸೈಜ್. ಮ್ಯಾಲಿನ ಡಬ್ಬ್ಯಾಗ ಏಳುನೂರಾ ಅರವತ್ತೆಂಟು. ಕೆಳಗ ಸಾವಿರದ ಐನೂರಾ ಮೂವತ್ತಾರು."

ಅವಳು ಬರೆದಳು. ಪಕ್ಕದಲ್ಲಿ ‘ಸೆಟ್’ ಎಂಬ ಸಣ್ಣ ಗುಂಡಿ ಇತ್ತು. ಬಾಣದ ಗುರುತನ್ನು ಅಲ್ಲಿಗೆ ಒಯ್ದಳು.

"ಅದು ಬ್ಯಾಡ್ರಿ. ಸೀದಾ ಓಕೆ ಒತ್ರಿ."

ಒತ್ತಿದಳು.

"ಒಂದು ಸಲ ಬಂದ್ ಮಾಡಿ ಚಾಲೂ ಮಾಡ್ರಿ."

ಪರದೆ ಕಪ್ಪಾಯಿತು. ಕಪ್ಪು ಗಾಜಿನಲ್ಲಿ ಇಬ್ಬರ ಮುಖಗಳು ಮೂಡಿದವು. ಅವನು ಪರದೆ ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದ. ಕೆನ್ನೆ, ಕಿವಿ, ಕಿವಿಯ ಹಿಂದೆ ಬೆವರಿಗೆ ಅಂಟಿದ ಕೂದಲು. ಅವಳು ಅದನ್ನು ಗಾಜಿನಲ್ಲಿ ಕಂಡಳು. ಅವಳು ಕಂಡದ್ದನ್ನು ಅವನೂ ಕಂಡ. ಇಬ್ಬರೂ ಅಲ್ಲಾಡಲಿಲ್ಲ. ಅಷ್ಟರಲ್ಲಿ ವಿಂಡೋಸ್ ಚಿತ್ರ ಬಂದು ಇಬ್ಬರನ್ನೂ ಅಳಿಸಿತು.

"ಹಚ್ಚಿ ನೋಡೋಣೇನ್ರಿ ವಿಡಿಯೋ?" ಅವನ ದನಿ ಸಣ್ಣಗಾಗಿತ್ತು.

"ಬ್ಯಾಡ. ನೀವು ಹೋಗ್ರಿ."

ಬೇಸರ ಮಾಡಿಕೊಳ್ಳಬೇಕಾದವನು ಒಳಗೊಳಗೇ ಖುಷಿಪಟ್ಟಂತೆ ಕಂಡ. "ಮತ್ತ ನಿಂತ್ರ ಫೋನ್ ಮಾಡ್ರಿ. ಹತ್ತು ನಿಮಿಷದಾಗ ಬರ್ತೀನಿ. ಹೆಲ್ಮೆಟ್ ತಗದ ಬಾಗಿಲು ಬಡೀತೀನಿ."

ಅವನು ಹೋದ ಮೇಲೆ ಅವಳು ಆ ಫೈಲಿನ ಮೇಲೆ ಬಾಣ ಇಟ್ಟುಕೊಂಡು ಸುಮಾರು ಹೊತ್ತು ಕೂತಳು. ಒತ್ತಲು ಆಗಲಿಲ್ಲ. ಹಿಂದೆ ಒಮ್ಮೆ ಹಚ್ಚಿದ್ದಾಗ ನಲವತ್ತು ಸೆಕೆಂಡಿಗೆ ನಿಂತಿತ್ತು, ನಿಂತದ್ದಕ್ಕೆ ಅವಳಿಗೆ ಸಮಾಧಾನವಾಗಿತ್ತು. ಭಾನುವಾರ ಎಲ್ಲರ ಮುಂದೆ ಒಮ್ಮೆ ನೋಡಿದರೆ ಸಾಕು ಎಂದುಕೊಂಡು ಎದ್ದಳು.

---

ಭಾನುವಾರ ಹತ್ತು ಗಂಟೆಗೆ ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ಕುಲದ ಹಿರಿಯರು ಐದು ಮಂದಿ ಬಂದು ಕೂತರು. ನಡುವೆ ಮರುಳಪ್ಪ. ಅವನ ಮಾತನ್ನು ಆ ಓಣಿಯಲ್ಲಿ ಯಾರೂ ಮೀರುವುದಿಲ್ಲ.

ಪ್ರವೀಣಕುಮಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಬಾಳೆಹಣ್ಣು ತಂದಿದ್ದ. ಪಂಪಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡಿದ. "ಅತ್ತಿ, ನಿಮ್ಮ ಮಗಳನ್ನ ಹೂವಿನಂಗ ನೋಡ್ಕಂತೀನಿ. ಅವತ್ತ ಮೆಟ್ಲಿಂದ ಬಿದ್ದಳು. ಬಿದ್ದ ಸಿಟ್ಟು ನನ್ನ ಮ್ಯಾಲೆ ತೀರಿಸ್ಕಂತಾಳ."

ಗೋಡೆಗೆ ಒರಗಿಸಿ ಒಂದು ಬ್ಯಾಗ್ ಇತ್ತು. ಮಗಳ ಸೀರೆಗಳನ್ನು ಪಂಪಮ್ಮ ಬೆಳಿಗ್ಗೆಯೇ ಮಡಿಚಿ ತುಂಬಿದ್ದಳು. ಇವತ್ತಿನ ಬಸ್ಸಿಗೇ ಕಳಿಸುವುದೆಂದು ಅವಳ ಮನಸ್ಸಿನಲ್ಲಿ ತೀರ್ಮಾನವಾಗಿತ್ತು.

ಮರುಳಪ್ಪ ಎಲೆಯಡಿಕೆ ಹಾಕಿಕೊಂಡ. "ಗಂಡ ಹೆಂಡ್ತಿ ಅಂದಮ್ಯಾಲೆ ಒಂದು ಮಾತು ಬರ್ತೈತಿ, ಒಂದು ಮಾತು ಹೋಗ್ತೈತಿ. ನೀನೇನು ಹೇಳ್ತೀಯವ್ವ?"

"ಹೇಳಾದು ಏನೂ ಇಲ್ಲ. ತೋರಸ್ತೀನಿ."

ಕಂಪ್ಯೂಟರನ್ನು ಪಡಸಾಲೆಗೆ ತಂದಿಟ್ಟಿದ್ದಳು. ವಿಡಿಯೋ ಚಾಲೂ ಆಯಿತು. ಜೋಳದ ಚೀಲಗಳು, ತಕ್ಕಡಿ, ಮೂಲೆಯಲ್ಲಿ ಗೋಣಿಚೀಲ ಹೊಲಿಯುತ್ತಿರುವ ಅವಳು. ಪ್ರವೀಣ ಎದ್ದು ಅವಳ ಕಡೆ ನಡೆದ. ಕೈ ಎತ್ತಿದ.

ಚಿತ್ರ ನಿಂತಿತು. ವರ್ಚುಯಲ್ ಮೆಮೊರಿ ಸಾಲದೆಂದು ಕೆಳಗೆ ಹಳದಿ ಚೀಟಿ ಬಂತು. ಗಂಡನ ಕೈ ಗಾಳಿಯಲ್ಲೇ ಉಳಿಯಿತು.

ನಿಜವಾದ ಪ್ರವೀಣ ಜಮಖಾನದ ಮೇಲೆ ಕೂತು ನಕ್ಕ. "ಕೈ ಎತ್ತೀನಿ, ಹೌದು. ಹಮಾಲಿ ಮಾರಣ್ಣನ್ನ ಕರಿಯಾಕ ಎತ್ತಿರಬೇಕು."

ಹಿರಿಯರಲ್ಲಿ ಇಬ್ಬರು ನಕ್ಕರು. ಮರುಳಪ್ಪ ನಗಲಿಲ್ಲ, ಆದರೆ ತಲೆ ಅಲ್ಲಾಡಿಸಿದ. "ಇದರಾಗ ಏನೂ ಕಾಣವಲ್ದವ್ವ. ಸುಮ್ನ ಹೊಂದ್ಕಂಡು ಹೋಗು."

ಸಿದ್ದಮ್ಮ ಅಲ್ಲೇ ನಿಂತು ಫೋನ್ ಮಾಡಿದಳು. "ಮತ್ತ ನಿಂತೈತಿ."

ಆ ಕಡೆಯಿಂದ ನಗು. "ಗೊತ್ತಿತ್ತು ಬಿಡ್ರಿ. ನೀವು ಫೋನ್ ಮಾಡೇ ಮಾಡ್ತೀರಂತ."

"ಹೆಂಗ ಗೊತ್ತಿತ್ತು?"

ನಗು ನಿಂತಿತು. ಅವಳ ಹಿಂದೆ ಗಂಡಸರ ದನಿಗಳು ಅವನಿಗೆ ಕೇಳಿಸಿರಬೇಕು. "ಇಲ್ಲೇ ಬಾಜೂ ಓಣ್ಯಾಗ ಅದೀನಿ, ಬಂದೆ," ಎಂದ.

ಪ್ರವೀಣ ಆಗಲೇ ಎದ್ದು ಬಂದು ವೈರ್ ಕೀಳುತ್ತಿದ್ದ. "ಅಂಗಡಿ ಮಾಲು ಇದು. ಮೊದಲ ಇದನ್ನ ಬಸ್ಸಿನ್ಯಾಗ ಇಡ್ತೀನಿ, ಆಮ್ಯಾಲೆ ಇವಳನ್ನ." ಡಬ್ಬಿ ಎತ್ತಿದ. ಅವಳು ಇನ್ನೊಂದು ಕಡೆಯಿಂದ ಹಿಡಿದಳು. ಡಬ್ಬಿಯ ಮರೆಯಲ್ಲಿ, ಯಾರಿಗೂ ಕಾಣದ ಹಾಗೆ, ಅವನು ಅವಳ ಕಿರುಬೆರಳನ್ನು ಹಿಡಿದು ಹಿಂದಕ್ಕೆ ಬಾಗಿಸಿದ. ಮುಖದ ಮೇಲಿನ ನಗು ಕದಲಲಿಲ್ಲ. ಹಿರಿಯರಿಗೆ ಕಾಣಿಸಿದ್ದು ಹಟಮಾರಿ ಹೆಂಡತಿ, ತಾಳ್ಮೆಯ ಗಂಡ. ಬೆರಳು ಎಲ್ಲಿಯವರೆಗೆ ಬಾಗುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಅವಳು ಬಿಡಲಿಲ್ಲ.

"ಬಿಡ್ರಿ ಆ ಡಬ್ಬಿ," ಎಂದು ಬಾಗಿಲಿನಿಂದ ದನಿ ಬಂತು.

ಅಂಜಿನೇಯಲು ಏದುಸಿರು ಬಿಡುತ್ತ ನಿಂತಿದ್ದ. ಜಮಖಾನ, ಹಿರಿಯರು, ಗೋಡೆಯ ಬಳಿಯ ಬ್ಯಾಗು, ಅವಳ ಕೈ. ಒಂದೊಂದಾಗಿ ನೋಡಿದ.

"ಯಾರಪ್ಪ ನೀನು?" ಮರುಳಪ್ಪ ಕೇಳಿದ.

"ಕಂಪ್ಯೂಟರ್ ರಿಪೇರಿಯಾವ್ರಿ. ಅದು ನಿಂತಿದ್ದು ಅದರ ತಪ್ಪಲ್ಲ, ನಂದು. ಸೆಟ್ ಅಂತ ಒಂದು ಬಟನ್ ಐತ್ರಿ. ಅದನ್ನ ಒತ್ತಿದ್ರನ ಬರದ ಲೆಕ್ಕ ಒಳಗ ಹೋಗೋದು. ನಾನು ಬೇಕಂತ್ಲೇ ಒತ್ತಿಸಲಿಲ್ಲ."

"ಬೇಕಂತ್ಲೇ? ಯಾಕ?"

ಸುಳ್ಳು ಹೇಳಬಹುದಿತ್ತು. ಮರೆತೆ ಎಂದರೆ ಮುಗಿಯುತ್ತಿತ್ತು. ಅವನು ಸಿದ್ದಮ್ಮನನ್ನು ನೋಡಿದ, ಆಮೇಲೆ ನೆಲ ನೋಡಿದ. "ಮತ್ತ ನಿಂತ್ರ ಇವರು ಮತ್ತ ಕರೀತಾರಂತ. ಇನ್ನೊಂದು ಸಲ ನೋಡಬೌದಂತ. ಅದರಾಗ ಏನೈತಿ ಅಂತ ನನಗ ಗೊತ್ತಿರಲಿಲ್ಲ ಯಜ್ಜ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕೇಳಿದ್ರೇನ್ರಿ?" ಪ್ರವೀಣ ಡಬ್ಬಿಯನ್ನು ಧಡ್ಡೆಂದು ಇಟ್ಟ. "ಯಾಕ ನನ್ನ ಮನಿಗೆ ಬರವಲ್ಲಳು ಅಂತ ಈಗ ತಿಳೀತಲ್ಲ?" ಎನ್ನುತ್ತಲೇ ಹೋಗಿ ಅಂಜಿನೇಯಲುವಿನ ಬಾಯಿಗೆ ಗುದ್ದಿದ. ಅವನು ಕಂಬಕ್ಕೆ ಬಡಿದು ಜಾರಿದ. ಪ್ರವೀಣ ಪಕ್ಕೆಗೆ ಒದ್ದ, ಮತ್ತೆ ಒದ್ದ. ಯಾರೂ ಏಳಲಿಲ್ಲ. ಅವರ ಪಾಲಿಗೆ ಇದು ಈಗ ನ್ಯಾಯವಾಗಿತ್ತು.

ಅಂಜಿನೇಯಲು ತಿರುಗಿ ಕೈ ಎತ್ತಲಿಲ್ಲ. ಬಾಯಿಂದ ರಕ್ತ ಉಗುಳಿ, "ಎಷ್ಟು ಬೇಕಾದ್ರೂ ಹೊಡಿರಿ. ಅವರಿಗೆ ಒಂದು ಸಲ ಚಾಲೂ ಮಾಡಾಕ ಬಿಡ್ರಿ," ಎಂದ.

ಸಿದ್ದಮ್ಮನ ಎದೆಯೊಳಗೆ ಏನೋ ಹೊತ್ತಿಕೊಂಡಿತು. ಮೊದಲು ಅದೇನೆಂದೇ ತಿಳಿಯಲಿಲ್ಲ. ಆಮೇಲೆ ಗುರುತು ಸಿಕ್ಕಿತು. ಅದು ಸಿಟ್ಟು. ಗಂಡನ ಮೇಲಲ್ಲ. ನೆಲದ ಮೇಲೆ ಬಿದ್ದಿರುವ, ಇನ್ನೊಮ್ಮೆ ನೋಡುವ ಆಸೆಗೆ ಅವಳ ಬದುಕನ್ನೇ ಪಣಕ್ಕಿಟ್ಟ ಈ ಪೆದ್ದನ ಮೇಲೆ.

ಅವಳು ವೈರ್‌ಗಳನ್ನು ಒಂದೊಂದಾಗಿ ಸಿಕ್ಕಿಸಿದಳು. ಯಾರ ಸಹಾಯವೂ ಬೇಕಾಗಲಿಲ್ಲ. ಕಿಟಕಿಯೊಳಗಿನ ಕಿಟಕಿಗಳೆಲ್ಲ ಅವಳ ಕೈಗೇ ಗೊತ್ತಿದ್ದವು. ಹೋಗಿ ನೋಡಿದರೆ ಅವತ್ತು ಬರೆದ ಅಂಕಿಗಳು ಅಲ್ಲಿರಲಿಲ್ಲ. ಮತ್ತೆ ಬರೆದಳು. ಸೆಟ್ ಒತ್ತಿದಳು. ಓಕೆ ಒತ್ತಿದಳು. ಬಂದ್ ಮಾಡಿ ಚಾಲೂ ಮಾಡಲು ಯಂತ್ರವೇ ಈ ಸಲ ಕೇಳಿತು.

ಹಳೇ ಡಬ್ಬಿ ಎದ್ದು ಕೂರಲು ನಾಲ್ಕು ನಿಮಿಷ ತೆಗೆದುಕೊಂಡಿತು. "ನಡೀರಿ, ಬಸ್ಸಿಗೆ ಹೊತ್ತಾತು," ಎಂದು ಪ್ರವೀಣ ಎರಡು ಸಲ ಹೇಳಿದ. ಮರುಳಪ್ಪ ಕೈಸನ್ನೆಯಿಂದ ಕೂರಿಸಿದ. "ಕುಂದ್ರು. ನಾಲ್ಕು ನಿಮಿಷಕ್ಕ ನಿನಗೇನು ಅವಸರ?"

ವಿಡಿಯೋ ನಲವತ್ತು ಸೆಕೆಂಡು ದಾಟಿತು.

ಎತ್ತಿದ ಕೈ ಇಳಿಯಿತು. ಅದರಲ್ಲಿ, ಅಲ್ಲಿಯವರೆಗೆ ಅವನ ತಲೆಯ ಹಿಂದೆ ಮರೆಯಾಗಿದ್ದ, ಹಮಾಲರು ಚೀಲ ಎತ್ತುವ ಕಬ್ಬಿಣದ ಕೊಕ್ಕೆ ಇತ್ತು. ಕೊಕ್ಕೆ ಅವಳ ತೋಳಿಗೆ ಸಿಕ್ಕಿತು. ಚೀಲ ಎಳೆದ ಹಾಗೆ ಅವನು ಅವಳನ್ನು ತಕ್ಕಡಿಯಿಂದ ಗೋದಾಮಿನ ಬಾಗಿಲವರೆಗೆ ಎಳೆದ. ಸದ್ದಿಲ್ಲದ ಚಿತ್ರ. ಅವಳ ಬಾಯಿ ತೆರೆದು ಮುಚ್ಚಿ ತೆರೆಯುತ್ತಿತ್ತು.

ನಾಲ್ಕನೇ ನಿಮಿಷಕ್ಕೆ ಒಬ್ಬ ಗಿರಾಕಿ ಬಂದ. ಪ್ರವೀಣ ಕೊಕ್ಕೆಯನ್ನು ಗೋಡೆಗೆ ತೂಗುಹಾಕಿ, ಕೈ ಒರೆಸಿಕೊಂಡು, ನಗುತ್ತ ಮಾತಾಡಿ, ಜೋಳ ತೂಗಿದ. ಚೀಲಗಳ ಹಿಂದೆ ಅವಳ ಕಾಲು ಮಾತ್ರ ಕಾಣುತ್ತಿತ್ತು. ಗಿರಾಕಿ ಹೋದ. ಪ್ರವೀಣ ಕೊಕ್ಕೆ ತೆಗೆದುಕೊಂಡು ಮತ್ತೆ ಚೀಲಗಳ ಹಿಂದೆ ಹೋದ.

ಏಳನೇ ನಿಮಿಷದಲ್ಲಿ ಬಂದು ಕೂತು, ನೀರು ಕುಡಿದು, ತಲೆ ಬಾಚಿಕೊಂಡ.

ಐದನೇ ನಿಮಿಷಕ್ಕಾಗಲೇ ಹಿರಿಯರೆಲ್ಲ ತಲೆ ತಗ್ಗಿಸಿದ್ದರು. ಕೊನೆಯವರೆಗೆ ನೋಡಿದವರು ಇಬ್ಬರೇ. ಒಬ್ಬಳು ಸಿದ್ದಮ್ಮ. ಇನ್ನೊಬ್ಬ ಕಂಬಕ್ಕೆ ಒರಗಿ, ಒಡೆದ ತುಟಿ ಹಿಡಿದುಕೊಂಡು, ರೆಪ್ಪೆ ಮುಚ್ಚದೆ ನೋಡಿದ. ಅವಳು ಆ ಕಡೆ ತಿರುಗಿದಾಗಲೂ ಅವನು ಪರದೆಯನ್ನೇ ನೋಡುತ್ತಿದ್ದ.

ಪಂಪಮ್ಮ ಮಗಳ ಹತ್ತಿರ ಬಂದು ರವಿಕೆಯ ಉದ್ದ ತೋಳನ್ನು ಮೇಲಕ್ಕೆ ಸರಿಸಿದಳು. ಕೊಕ್ಕೆ ಸೀಳಿದ ಗುರುತು ಮೊಣಕೈವರೆಗೆ ಇಳಿದಿತ್ತು. ಒಂದೂವರೆ ವರ್ಷ ಒಂದೇ ಮನೆಯಲ್ಲಿದ್ದೂ ಆ ತೋಳನ್ನು ಅವಳು ನೋಡಿರಲಿಲ್ಲ. ಒಂದು ಮಾತೂ ಆಡದೆ ಬಾಗಿಲಿಗೆ ಹೋದಳು. ಅಲ್ಲಿ ಬಿಟ್ಟಿದ್ದ ಅಳಿಯನ ಚಪ್ಪಲಿಯನ್ನೇ ಎತ್ತಿಕೊಂಡು ಬಂದು ಅವನ ಬಿಳಿ ಅಂಗಿಯ ಮೇಲೆ, ಮುಖದ ಮೇಲೆ, ಬಾಚಿದ ತಲೆಯ ಮೇಲೆ ಹೊಡೆದಳು. ಚಪ್ಪಲಿ ಹರಿಯುವವರೆಗೂ ಹೊಡೆದಳು. ಯಾರೂ ಹಿಡಿಯಲಿಲ್ಲ.

"ಸೋಡಚೀಟಿ ಬರಸ್ರಿ," ಎಂದ ಮರುಳಪ್ಪ. "ಇವತ್ತಿಗೆ ಈ ಸಂಬಂಧ ಹರೀತು. ಕೋರ್ಟಿಗೆ ಹೋಗವ್ವ. ಐದೂ ಮಂದಿ ಸಾಕ್ಷಿ ಹೇಳ್ತೀವಿ." ಆಮೇಲೆ ಕಂಬದ ಕಡೆ ನೋಡಿ, "ಲೇ ತಮ್ಮಾ, ನೀನು ಬಾಯಿ ತೊಳ್ಕ ಹೋಗು," ಎಂದ.

ಎಲ್ಲರೂ ಹೋದ ಮೇಲೂ ಅಂಜಿನೇಯಲು ಅಂಗಳದಲ್ಲಿ ನಿಂತಿದ್ದ.

"ನನ್ನಿಂದ ನಿಮ್ಮ ಜೀವ ಹೋಗ್ತಿತ್ತು."

"ಹೌದು."

"ಕ್ಷಮಿಸ್ರಿ ಅಂತ ಕೇಳಾಕೂ ಮುಖ ಇಲ್ರಿ."

"ಹಂಗಾದ್ರ ಕೇಳಬ್ಯಾಡ್ರಿ. ಹೋಗ್ರಿ."

ಅವನು ಹೋದ.

---

ಹನ್ನೊಂದು ದಿನ ಅವನ ಸುಳಿವಿರಲಿಲ್ಲ. ಫೋನ್ ಇಲ್ಲ, ಓಣಿಯಲ್ಲಿ ಅವನ ಗಾಡಿಯ ಸದ್ದಿಲ್ಲ. ಸಿದ್ದಮ್ಮ ಕೂಡ್ಲಿಗಿಗೆ ಹೋಗಿ ವಕೀಲರನ್ನು ಕಂಡು ಬಂದಳು. ಸೀರೆಗಳು ಬ್ಯಾಗಿನಿಂದ ಕಪಾಟಿಗೆ ಮರಳಿದವು. ಹನ್ನೆರಡನೇ ದಿನ ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿದ್ದಾಗ, ಅವಳೇ ಬಸ್‌ಸ್ಟ್ಯಾಂಡಿನ ಹಿಂದಕ್ಕೆ ನಡೆದಳು.

ಅಂಗಡಿ ಎಂದರೆ ಒಂದು ಶಟರ್ ಅಗಲ. ಅವನು ನೆಲದ ಮೇಲೆ ಕೂತು ಯಾವುದೋ ಪ್ರಿಂಟರಿನ ಹೊಟ್ಟೆಯೊಳಗೆ ಕೈ ಇಟ್ಟಿದ್ದ. ಅವಳನ್ನು ಕಂಡು ಎದ್ದು ನಿಂತ ರಭಸಕ್ಕೆ ಸ್ಕ್ರೂಗಳೆಲ್ಲ ಚೆಲ್ಲಿದವು.

"ಅದು ಮತ್ತ ಕೆಟ್ಟಿತೇನ್ರಿ?"

"ಇಲ್ಲ. ನೆಟ್ಟಗೈತಿ. ನಿಮ್ಮ ಮ್ಯಾಲೆ ಸಿಟ್ಟು ಬಂದೈತಿ. ಅದನ್ನ ಹೇಳಾಕ ಬಂದೆ."

"ಗೊತ್ತೈತ್ರಿ."

"ನಿಮಗ ಗೊತ್ತಿಲ್ಲ. ಒಂದೂವರೆ ವರ್ಷ ನನಗ ಯಾರ ಮ್ಯಾಲೂ ಸಿಟ್ಟು ಬಂದಿಲ್ಲ. ಅವನ ಮ್ಯಾಲೂ ಇಲ್ಲ. ಉಂಡ್ರ ರುಚಿ ಇಲ್ಲ, ಬಿಸಿಲಾಗ ನಿಂತ್ರ ಸುಡಂಗಿಲ್ಲ. ಈಗ ಹಲ್ಲು ತಿಕ್ಕುವಾಗ ನಿಮ್ಮ ಮ್ಯಾಲೆ ಸಿಟ್ಟು. ಬಟ್ಟಿ ಒಗಿಯುವಾಗ ಸಿಟ್ಟು. ರೊಟ್ಟಿ ಬಡಿಯುವಾಗಂತೂ ಕೇಳಬ್ಯಾಡ್ರಿ."

ಅವನು ಹೆದರುತ್ತ ಕೇಳಿದ: "ರೊಟ್ಟಿ ಹೆಂಗ ಬರ್ತಾವ್ರಿ?"

"ತೆಳ್ಳಗ."

ನಗು ಅವಳಿಗೇ ಮೊದಲು ಬಂತು. ತುಟಿಯ ಒಂದು ತುದಿಯಲ್ಲಿ ಬಂದು, ದಾರಿ ಮರೆತಂತೆ ನಿಂತು, ಆಮೇಲೆ ಕಣ್ಣಿಗೆ ಹೋಯಿತು. ಅವನು ಅದನ್ನು ಉಸಿರು ಬಿಗಿಹಿಡಿದು ನೋಡಿದ.

"ಸಿಟ್ಟು ಹೋಗಾತನಕ ಕಾಯ್ತೀನ್ರಿ."

"ಹೋಗಾದಿಲ್ಲ. ಇಟ್ಕಂಡ ಬಂದೀನಿ. ಕೋರ್ಟ್ ಮುಗಿಯಾಕ ವರ್ಷ ಬೇಕಾಗ್ತೈತಿ. ನಮ್ಮ ಮಂದಿ ಬ್ಯಾರೆ, ನಿಮ್ಮ ಮಂದಿ ಬ್ಯಾರೆ. ಇನ್ನೊಂದು ಸಲ ಹೊಡೀತಾರ ನಿಮ್ಮನ್ನ."

"ಹೊಡೀಲಿ. ನೋವಾದ್ರ ಆಗ್ಲಿ. ಸುಳ್ಳು ಹೇಳಿ ನಿಮ್ಮ ಪಕ್ಕ ಕುಂತಿದ್ದರ ನೋವು ಅದಕ್ಕಿಂತ ಜಾಸ್ತಿ ಐತಿ."

ಅಂಗಡಿಯಲ್ಲಿ ಇದ್ದದ್ದು ಒಂದೇ ಸ್ಟೂಲು, ಅದರ ಮೇಲೆ ಹಳೇ ಕೀಬೋರ್ಡುಗಳ ರಾಶಿ. ಅವನು ರಾಶಿಯನ್ನು ನೆಲಕ್ಕೆ ಇಳಿಸಿ, ಅಂಗಿಯ ತುದಿಯಿಂದ ಧೂಳು ಒರೆಸಿದ. ಅವಳು ಕೂತಳು.

"ಈಗ ಹೇಳ್ರಿ. ಯಾಕ ಮತ್ತ ನೋಡ್ಬೇಕು ಅನ್ನಿಸ್ತು?"

ಅವನು ಬೀದಿ ನೋಡಿದ, ಚೆಲ್ಲಿದ ಸ್ಕ್ರೂ ನೋಡಿದ. "ನಿಮ್ಮ ಪಕ್ಕ ಕುಂತಷ್ಟು ಹೊತ್ತು ನಾನು ಟೈಮ್ ನೋಡ್ಲಿಲ್ಲ ರೀ. ಮೂವತ್ತೆರಡು ವರ್ಷದಾಗ ಅದು ಮೊದಲ್ನೇ ಸಲ. ನಿಮ್ಮ ಮ್ಯಾಲೆ ಜೀವ ಐತಿ ನಂದು."

"ಕೇಳ್ಸಲಿಲ್ಲ."

ಕೇಳಿಸಿತ್ತು. ಅವನು ಮತ್ತೆ ಹೇಳಿದ. ಆ ಹೊತ್ತಿಗೆ ಹಡಗಲಿ ಬಸ್ಸು ಹಾರ್ನ್ ಹೊಡೆದುಕೊಂಡು ಹೊರಟಿತು. ಮೂರನೇ ಸಲ ಅವನು ಕೂಗಿಯೇ ಹೇಳಿದ. ಎದುರಿಗೆ ಮಿರ್ಚಿ ಕರಿಯುತ್ತಿದ್ದವಳು ಎಣ್ಣೆ ಸೋರುವ ಜಾಲರಿ ಸೌಟನ್ನು ಹಿಡಿದುಕೊಂಡೇ ತಿರುಗಿ ನೋಡಿದಳು. ಬಸ್ಸಿನ ಕಿಟಕಿಗಳಿಂದ ನಾಲ್ಕಾರು ತಲೆಗಳು ಹೊರಬಂದವು.

ಸಿದ್ದಮ್ಮ ತಲೆ ತಗ್ಗಿಸಲಿಲ್ಲ.